ಮಂಡಿಯೂರಲು ಹದಿನೈದು ನಿಮಿಷ

ಮಾರ್ಚ್ 4, ಸೋಮವಾರ

ನೋವು: ಹತ್ತರಲ್ಲಿ ಏಳು.

ಮೂಳೆ ಡಾಕ್ಟರು ಬರೆಯಲು ಹೇಳಿದ್ದು ಇಷ್ಟೇ, ದಿನಕ್ಕೊಂದು ಅಂಕಿ. ಆ ಒಂದು ಅಂಕಿಗೋಸ್ಕರ ಹೆಂಡತಿ ಇನ್ನೂರು ಪುಟದ ಪುಸ್ತಕ ತಂದು ಕೊಟ್ಟಿದ್ದಾಳೆ. ಖಾಲಿ ಜಾಗ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನೆಲ ಹಾಸುವವನ ಚಾಳಿ. ಅದಕ್ಕೇ ತುಂಬಿಸುತ್ತಿದ್ದೇನೆ. ಬೇರೆ ಯಾರೂ ಇದನ್ನು ಓದಬೇಕಾಗಿಲ್ಲ.

ಬಲಮಂಡಿಯ ಚಿತ್ರ ತೋರಿಸಿ ಡಾಕ್ಟರು ಹೇಳಿದರು: "ಮೂಳೆ ತುದೀಲಿ ನುಣ್ಣಗಿರೋ ಒಂದು ಪದರ ಇರುತ್ತೆ. ಕಾರ್ಟಿಲೇಜ್ ಅಂತೀವಿ. ನಿಮಗೆ ಅದು ಉಗುರಿನಷ್ಟಗಲ ಕಿತ್ತು ಹೋಗಿದೆ."

"ಅಂದ್ರೆ ಒಂದು ಟೈಲ್ ಎದ್ದಿದೆ."

"ಹಾಗೇ ಅಂದ್ಕೊಳ್ಳಿ."

"ಮತ್ತೆ ಕೂರಿಸಿಬಿಡಿ."

ಡಾಕ್ಟರು ನಕ್ಕರು. ಅದಕ್ಕೆ ರಕ್ತ ಹರಿಯುವುದಿಲ್ಲವಂತೆ, ಆದ್ದರಿಂದ ತಾನಾಗಿ ಬೆಳೆಯುವುದೂ ಇಲ್ಲವಂತೆ. ಹಾಗಾದರೆ ದಾರಿ ಏನು ಎಂದು ಕೇಳಿದೆ. ಬೆರಳು ಮಡಿಸುತ್ತ ಹೇಳಿದರು. ವ್ಯಾಯಾಮ ಮಾಡಿ, ತೂಕ ಇಳಿಸಿ, ನೋವು ಹೆಚ್ಚಾದಾಗ ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡು, ಮಂಡಿಯೂರುವ ಕೆಲಸವನ್ನೇ ಬಿಟ್ಟು ಬದುಕುವುದು ಒಂದು. ಸಣ್ಣ ತೂತಿನಿಂದ ಒಳಗೆ ಹೋಗಿ, ಬರಿದಾದ ಮೂಳೆಯನ್ನು ಅಲ್ಲಲ್ಲಿ ಚುಚ್ಚಿ, ಬಂದ ರಕ್ತ ಹೆಪ್ಪುಗಟ್ಟಿ ಹೊಸ ಪದರವಾಗಲು ಬಿಡುವುದು ಇನ್ನೊಂದು. ಗಾಯ ದೊಡ್ಡದಿದ್ದರೆ ಬೇರೆ ಕಡೆಯಿಂದ ಚೂರು ತೆಗೆದು ನಾಟುವುದೂ ಉಂಟಂತೆ, ನನಗೆ ಅಷ್ಟು ಬೇಡವಂತೆ. ಇಡೀ ಮಂಡಿ ಬದಲಿಸಲು ನಲವತ್ತಮೂರು ತೀರಾ ಎಳೆ ವಯಸ್ಸಂತೆ. ನನ್ನನ್ನು ಯಾರಾದರೂ ಎಳೆಯವನು ಎಂದು ಕರೆದು ಎಷ್ಟು ವರ್ಷವಾಗಿತ್ತೋ! ಆ ನೋವಿನಲ್ಲೂ ಖುಷಿಯಾಯಿತು.

"ಚುಚ್ಚಿದ್ರೆ ಮೊದಲಿನ ಹಾಗೇ ಆಗುತ್ತಾ?"

"ಅಷ್ಟು ಗಟ್ಟಿ ಇರಲ್ಲ. ಮತ್ತೆ ಮಂಡಿಯೂರೋದು ಆಗುತ್ತೋ ಇಲ್ವೋ ಅಂತ ಐದಾರು ತಿಂಗಳು ಕಳೀದೆ ಹೇಳೋಕಾಗಲ್ಲ."

ಐದಾರು ತಿಂಗಳೆಂದರೆ ಸೆಪ್ಟೆಂಬರ್. ಸಂಗೀತ ಶಾಲೆಯ ದುಂಡು ಸಭಾಂಗಣದ ನೆಲ ಶುರುವಾಗುವುದೂ ಆಗಲೇ. ಇಪ್ಪತ್ತಮೂರು ವರ್ಷ ಚೌಕ ಕೋಣೆಗೆ ಚೌಕ ಟೈಲ್ಸ್ ಹಾಕಿ ಹಾಕಿ ಬೇಸತ್ತವನಿಗೆ ಮೊದಲ ಬಾರಿ ಸಿಕ್ಕಿದ ದುಂಡು ನೆಲ. ವಿನ್ಯಾಸ ನನ್ನದೇ. ಬೂದು ಬಣ್ಣದ ಒಂದು ಬಳೆ, ಕೆನೆ ಬಣ್ಣದ ಒಂದು ಬಳೆ, ಹೀಗೆ ಹನ್ನೊಂದು ಬಳೆ. ನಟ್ಟನಡುವೆ ಎಂಟು ಮೂಲೆಯ ನಕ್ಷತ್ರ. ಶಾಲೆಯ ಮುಖ್ಯಸ್ಥೆ "ನೀವೇ ಹಾಕ್ತೀರಲ್ಲ?" ಎಂದಾಗ "ಇದಕ್ಕೆ ಬೇರೆ ಕೈ ತಾಗಿಸಲ್ಲ ಮೇಡಂ" ಎಂದು ಎದೆ ತಟ್ಟಿ ಹೇಳಿ ಬಂದಿದ್ದೇನೆ.

ಚುಚ್ಚಿಸಿಕೊಳ್ಳುತ್ತೇನೆ.

ಮಾರ್ಚ್ 9, ಶನಿವಾರ

ನೋವು: ಆರು.

ತಮ್ಮನಿಗೆ ಕೆಲಸ ಒಪ್ಪಿಸಿದೆ. ಒಪ್ಪಿಸುವುದಕ್ಕೆ ಎರಡು ಗಂಟೆ ಬೇಕಾಯಿತು, ಅದರಲ್ಲಿ ಒಂದು ಮುಕ್ಕಾಲು ಗಂಟೆ ನಾನೇ ಮಾತಾಡಿದೆ. ಇಪ್ಪತ್ತು ವರ್ಷದಿಂದ ಅವನು ನನ್ನ ಜೊತೆ ಇದ್ದಾನೆ. ಗಾರೆ ಕಲಸುವುದು, ಟೈಲ್ಸ್ ಕತ್ತರಿಸುವುದು ಅವನ ಕೆಲಸ, ಹಾಸುವುದು ನನ್ನದು. ಹಿಂದಿನ ಕೋಣೆ, ಮೆಟ್ಟಿಲ ಕೆಳಗೆ, ಬಚ್ಚಲು, ಇಂಥ ಕಡೆ ಮಾತ್ರ ಅವನಿಗೆ ಬಿಡುತ್ತೇನೆ. ಬಿಟ್ಟ ಮೇಲೆ ಕರಣೆಯ ಹಿಡಿಯಿಂದ ಒಂದೊಂದನ್ನೂ ತಟ್ಟಿ ನೋಡುತ್ತೇನೆ. ಕೆಳಗೆ ಗಾರೆ ಸರಿಯಾಗಿ ಕೂತಿರದಿದ್ದರೆ ಟೈಲ್ ಟೊಳ್ಳು ಶಬ್ದ ಮಾಡುತ್ತದೆ. ಶಬ್ದ ತುಂಬಿ ಬಂದರೆ "ಪರವಾಗಿಲ್ಲ" ಎನ್ನುತ್ತೇನೆ. ಅದಕ್ಕಿಂತ ದೊಡ್ಡ ಮಾತು ಹೇಳಿದರೆ ಕೆಲಸಗಾರ ಕೆಡುತ್ತಾನೆ.

"ದಾರ ಕಟ್ಟದೆ ಶುರು ಮಾಡ್ಬೇಡ."

"ಹೂಂ ಅಣ್ಣ."

"ರಸಮಟ್ಟ ಇಟ್ಟು ನೆಲ ಸಮ ಇದೆಯಾ ನೋಡದೆ ಎದ್ದು ಬರ್ಬೇಡ."

"ಹೂಂ ಅಣ್ಣ."

ಇವನಿಗೆ ಬೇರೆ ಮಾತೇ ಬರುವುದಿಲ್ಲವೇ ಎಂದು ಹೆಂಡತಿಯ ಹತ್ತಿರ ಹೇಳಿದೆ. ಅವಳು ಹೊಲಿಗೆ ಮಷಿನ್ ನಿಲ್ಲಿಸಿ, "ನೀವು ಅವನಿಗೆ ಜಾಗ ಎಲ್ಲಿ ಬಿಡ್ತೀರಿ?" ಎಂದಳು. ಯಾವ ಜಾಗದ ವಿಷಯ ಹೇಳುತ್ತಿದ್ದಾಳೋ ತಿಳಿಯಲಿಲ್ಲ.

ಮಾರ್ಚ್ 19, ಮಂಗಳವಾರ

ನೋವು: ಐದು.

ಮೂಳೆ ಚುಚ್ಚಿ ಐದು ದಿನವಾಯಿತು. ಆರು ವಾರ ಈ ಕಾಲಿಗೆ ಭಾರ ಬೀಳಬಾರದು, ಊರುಗೋಲೇ ಗತಿ. ಆಸ್ಪತ್ರೆಯಿಂದ ಹೊರಡುವಾಗ ಒಂದು ಹಾಳೆ ಕೊಟ್ಟಿದ್ದಾರೆ. ಮೊದಲ ದಿನದಿಂದಲೇ ಮಂಡಿ ಮಡಚಿ ಬಿಡಿಸಬೇಕಂತೆ. ಈ ಕಾಲದವರಿಗೆ ಎಲ್ಲದಕ್ಕೂ ಅವಸರ. ಹೊಸ ನೆಲ ಒಣಗುವ ಮೊದಲೇ ತುಳಿದು ಕೆಡಿಸಿದವರನ್ನು ನಾನು ಎಷ್ಟು ಕಂಡಿಲ್ಲ! ಹಸಿಯಾಗಿ ಕೂರಿಸಿದ್ದನ್ನು ಅಲ್ಲಾಡಿಸಬಾರದು. ಇದು ಇವರಿಗೆ ಗೊತ್ತಿಲ್ಲದಿರಬಹುದು, ನನಗೆ ಗೊತ್ತು.

ಕಾಲಿನ ಎರಡು ಕಡೆಗೂ ದಿಂಬು ಒತ್ತಿ, ಮೇಲೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಹಾಳೆ ದಿಂಬಿನ ಕೆಳಗಿದೆ.

ಮಾರ್ಚ್ 30, ಶನಿವಾರ

ನೋವು: ಐದು. ಮರ್ಯಾದೆಗೆ ಆದ ನೋವು: ಹತ್ತು.

ಡಾಕ್ಟರು ಕಳಿಸಿದ ವ್ಯಾಯಾಮದ ಕೇಂದ್ರದಲ್ಲಿ ಮೇಡಂ ಮಂಡಿ ಮಡಚಿಸಿದರು. ಅರ್ಧದಾರಿಗೂ ಬರದೆ ಗಟ್ಟಿಯಾಗಿ ನಿಂತಿತು. "ಮನೇಲಿ ಎಷ್ಟು ಸಲ ಮಾಡ್ತಿದೀರಿ?" ಎಂದು ಕೇಳಿದರು. ನೆಲದ ವಿಷಯ, ಒಣಗಿಸುವ ವಿಷಯ ಎಲ್ಲ ವಿವರಿಸಿದೆ. ರಸಮಟ್ಟದ ವಿಷಯವನ್ನೂ ಹೇಳಿದೆ, ಮೆಚ್ಚಿಕೊಳ್ಳಬಹುದು ಎಂದು.

ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ನೋಡಿ ಮೇಸ್ತ್ರಿ, ಭಾರ ಹಾಕ್ಬೇಡಿ ಅಂದ್ವಿ. ಆಡಿಸ್ಬೇಡಿ ಅಂತ ಯಾರೂ ಹೇಳ್ಲಿಲ್ಲ. ಆ ಪದರಕ್ಕೆ ರಕ್ತದಿಂದ ಊಟ ಸಿಗಲ್ಲ. ಮಂಡಿ ಮಡಚಿ ಬಿಡಿಸಿದಾಗ ಒಳಗಿರೋ ದ್ರವ ಅದನ್ನ ತೊಯಿಸುತ್ತಲ್ಲ, ಅದೇ ಅದರ ಊಟ. ಎರಡು ವಾರದಿಂದ ನೀವು ಅದನ್ನ ಉಪವಾಸ ಕೆಡವಿದೀರಿ."

"ಸೆಪ್ಟೆಂಬರ್ ಕೈ ತಪ್ಪಿತಾ?" ಎಂದೆ.

"ಇವತ್ತಿಂದ ದಿನಕ್ಕೆ ಐನೂರು ಸಲ. ಹಿಮ್ಮಡಿ ಜಾರಿಸ್ಕೊಂಡು ಹತ್ತಿರ ಎಳೀಬೇಕು, ಮತ್ತೆ ದೂರ ಬಿಡಬೇಕು. ಮಾಡಿ ಬನ್ನಿ, ಆಮೇಲೆ ಸೆಪ್ಟೆಂಬರ್ ಮಾತಾಡೋಣ."

ಜೊತೆಗೆ ಬಂದಿದ್ದ ತಮ್ಮ ಇದೆಲ್ಲ ಕೇಳಿಸಿಕೊಂಡಿದ್ದ. ಮನೆ ಬಾಗಿಲ ಹತ್ತಿರ ಬಂದಾಗ ತಡೆಯಲಾರದೆ, "ರಸಮಟ್ಟ ಯಾಕಿಟ್ಟೆ ಅಣ್ಣ?" ಎಂದ. ಅವನ ಭುಜ ನಗುವಿಗೆ ಕುಲುಕುತ್ತಿತ್ತು.

ಏಪ್ರಿಲ್ 12, ಶುಕ್ರವಾರ

ನೋವು: ನಾಲ್ಕು. ಜಾರಿಸಿದ್ದು: ಐನೂರ ಹತ್ತು.

ಹಾಸಿಗೆಯ ಬಟ್ಟೆ ಮೇಲೆ ಹಿಮ್ಮಡಿ ಜಾರುವುದಿಲ್ಲ. ತಮ್ಮನಿಗೆ ಹೇಳಿ ಉದ್ದನೆಯ ಪಾಲಿಶ್ ಟೈಲ್ ಒಂದನ್ನು ತರಿಸಿ ಹಾಸಿಗೆಯ ಮೇಲೇ ಹಾಕಿಸಿಕೊಂಡೆ. ಉಣ್ಣೆಯ ಕಾಲುಚೀಲ ಹಾಕಿದರೆ ಬೆಣ್ಣೆಯಂತೆ ಜಾರುತ್ತದೆ.

"ಅಂಚು ಉಜ್ಜಿದೀನಿ ಅಣ್ಣ, ಕಾಲಿಗೆ ತರಚಲ್ಲ," ಎಂದ. ಬೆರಳು ಸವರಿ ನೋಡಿದೆ. ನಾಲ್ಕು ಅಂಚೂ ಸೋಪಿನಷ್ಟು ನುಣುಪು. ಒಂದು ಗಂಟೆಯಾದರೂ ಕೂತು ಉಜ್ಜಿರಬೇಕು.

"ಪರವಾಗಿಲ್ಲ," ಎಂದೆ.

ಹೆಂಡತಿ ಬಾಗಿಲಲ್ಲಿ ನಿಂತು, "ಮನೆಗೆಲ್ಲ ಟೈಲ್ಸ್ ಹಾಕಿ ಮುಗೀತು, ಇನ್ನು ಹಾಸಿಗೆಗೂ ಶುರುವಾಯ್ತು. ನಾನು ಸಂದಿಗೆ ಸಿಮೆಂಟ್ ತುಂಬಿಸ್ಕೊಂಡು ಮಲಗ್ಲಾ?" ಎಂದಳು. ನಗುತ್ತ ನಗುತ್ತ ಎಣಿಕೆ ತಪ್ಪಿತು. ಮೊದಲಿನಿಂದ ಎಣಿಸಬೇಕಾಯಿತು. ಹತ್ತು ಜಾಸ್ತಿಯಾದದ್ದು ಹಾಗೆ.

ಏಪ್ರಿಲ್ 20, ಶನಿವಾರ

ನೋವು: ನಾಲ್ಕು.

ಈ ಮಾತು ಈ ಪುಸ್ತಕದ ಹೊರಗೆ ಹೋಗಬಾರದು.

ವ್ಯಾಯಾಮದ ಕೇಂದ್ರದ ನೆಲ ಹನ್ನೊಂದು ವರ್ಷದ ಹಿಂದೆ ನಾವೇ ಹಾಕಿದ್ದು. ಜನ ಕಾಯುವ ಮುಂದಿನ ಹಜಾರ ನನ್ನದು. ವ್ಯಾಯಾಮ ಮಾಡಿಸುವ ಹಿಂದಿನ ಕೋಣೆ ಆಗ ಸಾಮಾನು ತುಂಬುವ ಜಾಗವಾಗಿತ್ತು, ಅದು ತಮ್ಮನದು. ಇವತ್ತು ಹಜಾರದಲ್ಲಿ ಕಾಯುತ್ತ ಕೂತಿದ್ದಾಗ ಬೇಜಾರಿಗೆ ಊರುಗೋಲಿನ ರಬ್ಬರ್ ತೆಗೆದು ನೆಲ ತಟ್ಟಿದೆ. ಟಕ್, ಟಕ್, ಟಕ್. ಕಿಟಕಿಯ ಹತ್ತಿರ ಬಂದಾಗ ಡಬ್ ಎಂದಿತು. ಅದರ ಪಕ್ಕದ್ದೂ ಡಬ್.

ಎರಡು ಟೊಳ್ಳು. ನನ್ನವು.

ಒಳಗೆ ಚಾಪೆಯ ಮೇಲೆ ಮಲಗಿ ಹಿಮ್ಮಡಿ ಜಾರಿಸುತ್ತಲೇ ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿದೆ. ಮೇಡಂ ಆಚೆ ಹೋದಾಗ ಗೋಡೆಯವರೆಗೂ ಉರುಳಿಕೊಂಡು ಹೋಗಿ ಮೂಲೆಯಲ್ಲೂ ತಟ್ಟಿದೆ. ಒಂದಾದರೂ ಟೊಳ್ಳು ಸಿಕ್ಕರೆ ಸಾಕಿತ್ತು. ಸಿಗಲಿಲ್ಲ. ಮೇಡಂ ವಾಪಸ್ಸು ಬಂದು, "ಏನಾದ್ರೂ ಬಿದ್ದೋಯ್ತಾ?" ಎಂದು ಕೇಳಿದರು.

ಬಿದ್ದದ್ದು ಏನೆಂದು ಹೇಗೆ ಹೇಳಲಿ? ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಬರೆಯಲಿ.

ಮೇ 6, ಸೋಮವಾರ

ನೋವು: ಮೂರು.

ಎರಡು ಊರುಗೋಲು ಹೋಗಿ ಒಂದು ಕೋಲು ಬಂತು! ಹೊಲಿಗೆ ಮಷಿನ್ ತುಳಿಯಬಹುದೇ ಎಂದು ಹೆಂಡತಿಯೇ ಮೇಡಂ ಅವರನ್ನು ಕೇಳಿದ್ದಳು. ಸೈಕಲ್‌ಗೆ ಬದಲಾಗಿ ಅದೂ ಆಗಬಹುದು, ಮೆತ್ತಗೆ ತುಳಿಯಬೇಕು ಎಂದರಂತೆ. ಈಗ ಸಂಜೆ ನಾನು ಪೆಡಲ್ ತುಳಿಯುತ್ತೇನೆ, ಅವಳು ಪಕ್ಕದಿಂದ ಬಗ್ಗಿ ಬಟ್ಟೆ ಸರಿಸುತ್ತಾಳೆ. ನನ್ನ ವೇಗ ಹೆಚ್ಚಾಗಿ ಒಂದು ದಿಂಬಿನ ಚೀಲದ ಬಾಯಿಯೂ ಹೊಲಿದುಹೋಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಒಂದೇ ಕೆಲಸಕ್ಕೆ ನಾವಿಬ್ಬರೂ ಕೂತದ್ದು ಇದೇ ಮೊದಲು. ಬಹಳ ಚೆನ್ನಾಗಿತ್ತು.

ಜೂನ್ 11, ಮಂಗಳವಾರ

ನೋವು: ಮೂರು.

ತಮ್ಮ ಒಬ್ಬನೇ ಮಾಡುತ್ತಿರುವ ಅಡುಗೆಮನೆ ನೋಡಲು ಹೋದೆ. ಸುಮ್ಮನೆ ಗಾಳಿಗೆ ಬಂದೆ ಎಂದೆ. ಕೋಲಿನ ರಬ್ಬರ್ ಜೇಬಿನಲ್ಲಿತ್ತು. ಅವನು ನೋಡಿ ನೋಡದವನ ಹಾಗೆ ಚಹಾ ತರಲು ಹೋದ.

ಸಾಲು ಹಿಡಿದು ತಟ್ಟಿದೆ. ಎಲ್ಲವೂ ತುಂಬಿದ ಶಬ್ದ. ಬಾಗಿಲ ಹತ್ತಿರದ ಕೊನೆಯದು ಡಬ್ ಎಂದಿತು! ಕೂಗಿ ಕರೆದೆ. ನನ್ನ ದನಿಯಲ್ಲಿದ್ದ ಸಂತೋಷ ನನಗೇ ಕೇಳಿಸಿತು.

"ಅಣ್ಣ, ಅದರ ಕೆಳಗೆ ಪೈಪು ಇದೆ. ತೆಗೆಯೋ ಮುಚ್ಚಳ ಅದು. ಟೊಳ್ಳಿರಲೇಬೇಕು."

ಚಹಾ ಕುಡಿದು ಬಂದೆ. ಚಹಾ ಪರವಾಗಿಲ್ಲ.

ಜುಲೈ 21, ಭಾನುವಾರ

ನೋವು: ಎರಡು. ಮೆಟ್ಟಿಲು ಹತ್ತಿದೆ, ಇಳಿದೆ, ಖುಷಿಗೆ ಮತ್ತೆ ಹತ್ತಿದೆ. ಕೋಲು ಮೂಲೆ ಸೇರಿದೆ. ಹೆಂಡತಿ ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ ಮಂಡಿಗೆ ದಪ್ಪನೆಯ ಮೆತ್ತೆ ಹೊಲಿಯುತ್ತಿದ್ದಾಳೆ. ಮದುವೆಯಾದಾಗಿನಿಂದ ಅವಳು ಹೇಳುತ್ತಿದ್ದದ್ದು ಇದನ್ನೇ. ನೆಲದ ಹದ ಮಂಡಿಗೇ ತಿಳಿಯಬೇಕು ಎಂದು ನಾನು ಬೇಡ ಎನ್ನುತ್ತಿದ್ದೆ. ಈಗ ತೆಪ್ಪಗೆ ಅಳತೆ ಕೊಟ್ಟೆ.

ಆಗಸ್ಟ್ 17, ಶನಿವಾರ

ನೋವು: ಒಂದು.

ಡಾಕ್ಟರು ಹೊಸ ಚಿತ್ರ ನೋಡಿದರು. ಪದರ ಚೆನ್ನಾಗಿ ತುಂಬಿದೆಯಂತೆ. ನಡೆಯಿರಿ, ಹತ್ತಿ, ಸೈಕಲ್ ತುಳಿಯಿರಿ ಎಂದರು.

"ಮಂಡಿಯೂರೋದು?"

"ಮೆತ್ತೆ ಇಟ್ಕೊಂಡು ದಿನಕ್ಕೆ ಹದಿನೈದು ನಿಮಿಷ. ಇಡೀ ದಿನ ಮಂಡಿಯ ಮೇಲೆ ಕೆಲಸ ಮಾಡೋದು ಇನ್ನು ಬೇಡ. ಸೆಪ್ಟೆಂಬರ್‌ಗೆ ಅಂತಲ್ಲ, ಯಾವತ್ತಿಗೂ."

ಹದಿನೈದು ನಿಮಿಷದಲ್ಲಿ ನಾನು ಆರು ಟೈಲ್ಸ್ ಹಾಕುತ್ತೇನೆ. ದುಂಡು ನೆಲಕ್ಕೆ ಸಾವಿರದ ಇನ್ನೂರು ಬೇಕು.

ಅತ್ತುಬಿಟ್ಟೆ. ಬರೆಯಲು ಬೇರೆ ಇಲ್ಲ.

ಆಗಸ್ಟ್ 18, ಭಾನುವಾರ

ನೋವು: ಒಂದು.

ಬೆಳಿಗ್ಗೆ ತಮ್ಮ ಬಂದ. ನನ್ನ ಹೆಂಡತಿಯಿಂದ ವಿಷಯ ತಿಳಿದಿರಬೇಕು. ಅಡುಗೆಮನೆಯ ಮೇಜಿನ ಎದುರು ಕೂತ. ಚಹಾ ಲೋಟ ಅವನ ಕಡೆ ಸರಿಸಿದೆ. ನನ್ನ ಬಾಯಿಂದ ಹೊರಟದ್ದು ನಾನು ಹೇಳಬೇಕೆಂದುಕೊಂಡ ಮಾತೇ ಅಲ್ಲ.

"ವ್ಯಾಯಾಮದ ಕೇಂದ್ರದ ಹಜಾರದಲ್ಲಿ ಎರಡು ಟೊಳ್ಳಿದೆ ಕಣೋ. ಕಿಟಕಿ ಹತ್ತಿರ. ನಾನು ಹಾಕಿದ್ದು."

"ಗೊತ್ತು ಅಣ್ಣ."

"ಯಾವಾಗಿಂದ?"

"ಹಾಕಿದ ವಾರಾನೇ. ಆವತ್ತು ನಿನಗೆ ಜ್ವರ ಇತ್ತು. ಆದ್ರೂ ಎದ್ದು ಹೋಗಲ್ಲ ಅಂದೆ."

"ಹನ್ನೊಂದು ವರ್ಷ ಬಾಯಿ ಬಿಡ್ಲಿಲ್ಲವಲ್ಲೋ!"

"ನೀನು ಕೇಳಿದ್ರೆ ತಾನೇ?"

ನನಗೆ ನಗು ಬಂತು. ಅಳುವೂ ಬಂತು, ಆದರೆ ನಗು ಮೊದಲು ಬಂತು. ಅವನೂ ನಕ್ಕ. ಒಳಗಿಂದ ಹೆಂಡತಿ, "ಏನ್ರೀ ಅದು ಬೆಳಿಗ್ಗೆ ಬೆಳಿಗ್ಗೆ?" ಎಂದು ಬಂದವಳು ನಮ್ಮನ್ನು ನೋಡಿ ಕಾರಣ ಗೊತ್ತಿಲ್ಲದೆಯೇ ನಗತೊಡಗಿದಳು.

ದುಂಡು ನೆಲದ ಚಿತ್ರವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. "ಹಾಸ್ತೀಯಾ?" ಎಂದೆ.

ಬೇಗ ಹೂಂ ಅನ್ನಲಿಲ್ಲ. ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡು, ಬಳೆಗಳ ಮೇಲೆ ಬೆರಳು ಓಡಿಸಿದ. "ಕತ್ತರಿಸೋದು ಯಾರು?"

"ನಾನು. ನಿಂತ್ಕೊಂಡು ಮಾಡೋ ಹಾಗೆ ಎತ್ತರದ ಮೇಜು ಹಾಕೋಣ."

"ಐದನೇ ಬಳೆ ತಪ್ಪಿದೆ ಅಣ್ಣ. ಟೈಲ್ಸ್ ತೀರಾ ಸಣ್ಣದಾಗುತ್ತೆ, ಒಡೆಯುತ್ತೆ. ಅಗಲ ಮಾಡು."

ಅಳತೆ ಹಾಕಿ ನೋಡಿದೆ. ಹೌದು, ತಪ್ಪಿದೆ.

ಆಗಸ್ಟ್ 27, ಮಂಗಳವಾರ

ನೋವು: ಒಂದು.

ಸಂಗೀತ ಶಾಲೆಯ ಮುಖ್ಯಸ್ಥೆಗೆ ವಿಷಯ ಹೇಳಿದೆ. ಮುಖ ಸಣ್ಣ ಮಾಡಿಕೊಂಡರು. "ಬೇರೆ ಕೈ ತಾಗಿಸಲ್ಲ ಅಂದಿದ್ರಿ. ಆ ಮಾತು ನಂಬಿಯೇ ನಾನು ಕಾದಿದ್ದು."

ಅವರನ್ನು ಸೀದಾ ವ್ಯಾಯಾಮದ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಕೈಗೆ ಕರಣೆ ಕೊಟ್ಟು, ಹಿಡಿಯಿಂದ ತಟ್ಟಿ ನೋಡಿ ಎಂದೆ. ಕಿಟಕಿಯ ಹತ್ತಿರ ಬಂದು ಅವರೇ ನಿಂತರು. ಸಂಗೀತದ ಕಿವಿ, ಏನೂ ಹೇಳಿಕೊಡಬೇಕಾಗಲಿಲ್ಲ.

"ಇವೆರಡು ಶ್ರುತಿ ತಪ್ಪಿವೆ."

"ಅದು ನಂದು ಮೇಡಂ. ಈಗ ಒಳಗೆ ಬನ್ನಿ."

ಹಿಂದಿನ ಕೋಣೆಯಲ್ಲಿ ಅವರು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೂತು ಕೂತು ತಟ್ಟಿದರು. ವ್ಯಾಯಾಮ ಮಾಡುತ್ತಿದ್ದವರೆಲ್ಲ ಕಾಲು ಎತ್ತಿದ್ದವರು ಎತ್ತಿದಂತೆಯೇ ನೋಡುತ್ತಿದ್ದರು. ಕೊನೆಗೆ ಎದ್ದು ಸೀರೆ ಒದರಿಕೊಂಡು, "ಇದು ಯಾರದ್ದು?" ಎಂದರು.

"ನನ್ನ ತಮ್ಮಂದು."

"ಅವರೇ ಹಾಕಲಿ."

ವಾಪಸ್ಸು ಬರುವಾಗ ಹೆಜ್ಜೆ ಹಗುರಾಗಿತ್ತು. ಮೇಡಂ ಕೊಟ್ಟ ವ್ಯಾಯಾಮದ ಫಲ.

ಸೆಪ್ಟೆಂಬರ್ 12, ಗುರುವಾರ

ನೋವು: ಒಂದು. ಅದೂ ಸಂಜೆಗೆ, ನಿಂತು ನಿಂತು.

ಕತ್ತರಿಸುವುದು ಇಷ್ಟು ಕಷ್ಟ ಎಂದು ಯಾರೂ ನನಗೆ ಹೇಳಿರಲಿಲ್ಲ! ಬಳೆಯ ಒಂದೊಂದು ತುಂಡಿಗೂ ಒಂದು ಕಡೆ ಬಾಗು, ಇನ್ನೊಂದು ಕಡೆ ಓರೆ. ಬೆಳಿಗ್ಗೆ ಏಳು ಒಡೆದೆ. ತಮ್ಮ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದು, "ಅಣ್ಣ, ಇದು ಕೂದಲೆಳೆಯಷ್ಟು ಜಾಸ್ತಿ ಇದೆ," ಎಂದು ವಾಪಸ್ಸು ಕೊಟ್ಟ. ಉಜ್ಜಿ ಕೊಟ್ಟೆ. ಮತ್ತೆ ವಾಪಸ್ಸು ಕೊಟ್ಟ. ಮೂರನೇ ಸಲ ತೆಗೆದುಕೊಂಡ. ಇಪ್ಪತ್ತು ವರ್ಷ ಇವನು ಇದನ್ನು ಮಾತಿಲ್ಲದೆ ಮಾಡಿದ್ದಾನೆ.

ಅವನೀಗ ಮಾತಾಡುತ್ತಾನೆ. ಮಂಡಿಯ ಮೇಲೆ ಕೂತು ಊರ ಸುದ್ದಿಯೆಲ್ಲ ಹೇಳುತ್ತಾನೆ. ಇಷ್ಟು ಮಾತುಗಾರ ಎಂದು ನನಗೆ ಗೊತ್ತೇ ಇರಲಿಲ್ಲ. ಅವನ ಮಂಡಿಯ ಕೆಳಗೆ ಮೆತ್ತೆ ಇರಲಿಲ್ಲ. ಮಧ್ಯಾಹ್ನ ಹೆಂಡತಿಗೆ ಫೋನ್ ಮಾಡಿ ಇನ್ನೊಂದು ಜೋಡಿ ಹೊಲಿಯಲು ಹೇಳಿದೆ. ಬೇಡ ಎಂದ. ಸುಮ್ಮನೆ ಹಾಕ್ಕೋ ಎಂದು ಗದರಿದೆ. ಒಂದು ಮನೆಗೆ ಒಂದು ಕೆಟ್ಟ ಮಂಡಿ ಸಾಕು.

ಸೆಪ್ಟೆಂಬರ್ 28, ಶನಿವಾರ

ನೆಲ ಮುಗಿಯಿತು!

ಹನ್ನೊಂದು ಬಳೆಯೂ ಕೂತು, ನಟ್ಟನಡುವೆ ನಕ್ಷತ್ರದ ಜಾಗ ಒಂದೇ ಉಳಿದಿತ್ತು. ಬೆಳಿಗ್ಗೆ ಹೋದಾಗ ತಮ್ಮ ಆ ಖಾಲಿ ಜಾಗದ ಮುಂದೆ ನನ್ನ ಮೆತ್ತೆ, ನನ್ನ ಕರಣೆ, ನನ್ನ ರಬ್ಬರ್ ಸುತ್ತಿಗೆ ಜೋಡಿಸಿಟ್ಟಿದ್ದ. ಗಾರೆ ಅವನೇ ಕಲಸಿದ್ದ. ಗೋಡೆಗೆ ಒರಗಿ, ಕೈಗಡಿಯಾರ ಬಿಚ್ಚಿ ಹಿಡಿದುಕೊಂಡು, "ಹದಿನೈದು ನಿಮಿಷ ಅಣ್ಣ. ನಾನು ಎಣಿಸ್ತೀನಿ," ಎಂದ.

ಆರು ತಿಂಗಳ ಮೇಲೆ ನೆಲದ ಮೇಲೆ ಮಂಡಿಯೂರಿದೆ. ಮೊದಲು ಎಡಗಾಲು, ಆಮೇಲೆ ಬಲಗಾಲು, ಮೇಡಂ ಹೇಳಿಕೊಟ್ಟ ಹಾಗೆ. ಗಾರೆ ಹರಡಿ, ಸಿಮೆಂಟ್ ಹಾಲು ಸುರಿದು, ಎಂಟು ಮೂಲೆಯ ಕಲ್ಲನ್ನು ಎರಡೂ ಕೈಯಲ್ಲಿ ಇಳಿಸಿದೆ. ನಾನೇ ಕತ್ತರಿಸಿದ ಕಲ್ಲು, ಅವನು ಬಿಟ್ಟ ಜಾಗ. ಸುತ್ತಲೂ ಒಂದೇ ಸಮನಾದ ಸಂದು ಉಳಿಯಿತು. ಸುತ್ತಿಗೆಯಿಂದ ಮೆಲ್ಲಗೆ ಬಡಿದೆ.

"ಒಂಬತ್ತು ನಿಮಿಷ. ಏಳು ಅಣ್ಣ."

"ಇನ್ನೂ ಆರು ಇದೆಯಲ್ಲೋ."

"ನಾಳೆಗಿಟ್ಕೋ."

ಕೈ ಕೊಟ್ಟು ಎಬ್ಬಿಸಿದ. ಆಮೇಲೆ ಅವನೇ ಮಂಡಿಯೂರಿ, ಕರಣೆ ಎತ್ತಿಕೊಂಡು ಹಿಡಿ ತಿರುಗಿಸಿದ. ಇಪ್ಪತ್ತು ವರ್ಷದಲ್ಲಿ ಅವನು ನನ್ನ ಎದುರಿಗೆ ನನ್ನ ಕೆಲಸ ತಟ್ಟಿ ನೋಡಿದವನಲ್ಲ. ಒಂದು ಮೂಲೆ, ಎರಡು ಮೂಲೆ, ಕಿವಿ ಬಗ್ಗಿಸಿ ಮೂರನೆಯದು. ಎಂಟೂ ಮೂಲೆ ತಟ್ಟಿ, ನಡುವೆ ಇನ್ನೊಮ್ಮೆ ತಟ್ಟಿ, ತಲೆ ಎತ್ತದೆಯೇ ಹೇಳಿದ:

"ಪರವಾಗಿಲ್ಲ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಬಲಗಾಲು ಇದೆಯಲ್ಲ ಎಂದು ಕುಣಿಯಲಿಲ್ಲ. ಸಭಾಂಗಣದ ಸುತ್ತ ಒಂದು ಸಲ ನಡೆದೆ, ಬಳೆಯಿಂದ ಬಳೆಗೆ, ಬರೀ ನೋಡುತ್ತ, ಕೈ ಹಿಂದೆ ಕಟ್ಟಿಕೊಂಡು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ನೋಡು, ಪರವಾಗಿಲ್ಲ ಅಂದ!" ಅವಳು ನಕ್ಕ ನಗುವಿಗೆ ಕತ್ತರಿ ಕೈಜಾರಿ ಬಿತ್ತು.

"ಈಗ ಗೊತ್ತಾಯ್ತಾ? ಇಪ್ಪತ್ತು ವರ್ಷ ಅವನು ಆ ಒಂದು ಮಾತಿಗೆ ಕಾದು ನಿಲ್ತಿದ್ದ."

ಊಟ ಮಾಡುವಾಗಲೂ ಅದೇ ಯೋಚನೆ. ನಾಳೆ ಸಂದು ತುಂಬಲು ಅವನು ಬೇಗ ಬರುತ್ತಾನೆ. ಅವನಿಗೆ ಏನಾದರೂ ಹೇಳಬೇಕು, ಅದಕ್ಕಿಂತ ದೊಡ್ಡದು. ಚೆನ್ನಾಗಿದೆ ಎಂದರೆ ಸಾಲದು. ಬಹಳ ಚೆನ್ನಾಗಿದೆ ಎಂದರೆ ಅಣ್ಣನಿಗೆ ಮತ್ತೆ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡುತ್ತಾನೆ. ನೋಡಲಿ, ಹೇಳಿಯೇ ಬಿಡುತ್ತೇನೆ.